ಬಾಟಲಿ ಬಿಟ್ಟರೂ ಬಿಡದ ಬೇಸರ

"ಬೇಜಾರಾಗಿತ್ತು, ಅದಕ್ಕೇ ಕುಡಿದೆ" ಅನ್ನುತ್ತಾನೆ ಕುಡಿದವನು. "ಕುಡೀತಾನೆ, ಅದಕ್ಕೇ ಹಿಂಗಾಗಿದಾನೆ" ಅನ್ನುತ್ತಾರೆ ಮನೆಯವರು. ಯಾವುದು ಮೊದಲು? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗೋದು ಬಿಲ್ ವಿಲ್ಸನ್. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ 'ಆಲ್ಕೊಹಾಲಿಕ್ಸ್ ಅನಾನಿಮಸ್' (ಎಎ) ಕೂಟವನ್ನು ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬ.

ಬಿಲ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಹಳ್ಳಿಯಲ್ಲಿ. ಚಿಕ್ಕವನಿದ್ದಾಗಲೇ ಅಪ್ಪ ಮನೆ ಬಿಟ್ಟು ಹೋದ. ಬೆಳೆದದ್ದು ಅಜ್ಜ-ಅಜ್ಜಿಯ ಹತ್ತಿರ. 1912ರಲ್ಲಿ, ಪ್ರೀತಿಸಿದ ಹುಡುಗಿ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಳು. ಹದಿನೇಳರ ಹುಡುಗ ಕುಸಿದುಹೋದ, ಓದೂ ಕೆಟ್ಟಿತು. ಗಮನಿಸಿ, ಆಗಿನ್ನೂ ಆತ ಕುಡಿತ ಕಲಿತಿರಲಿಲ್ಲ!

ಅದು ಶುರುವಾಗಿದ್ದು 1917ರಲ್ಲಿ, ಸೈನ್ಯದಲ್ಲಿದ್ದಾಗ. ಸಂಕೋಚದ ಮನುಷ್ಯನಿಗೆ ಗ್ಲಾಸು ಕೈಗೆ ಬಂದೊಡನೆ ನಾಲ್ಕು ಜನರ ನಡುವೆ ಬೆರೆಯುವ ಧೈರ್ಯ ಬಂತು. ಆ ಧೈರ್ಯಕ್ಕೆ ಹದಿನೇಳು ವರ್ಷ ಬೆಲೆ ತೆತ್ತ. 1934ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆ ಸೇರಿದ ಮೇಲೆ ಮತ್ತೆಂದೂ ಮುಟ್ಟಲಿಲ್ಲ. ಮರುವರ್ಷ ಆಕ್ರನ್ ಊರಿನ ಡಾಕ್ಟರ್ ಬಾಬ್ ಸ್ಮಿತ್ ಜೊತೆ ಸೇರಿ ಎಎ ಆರಂಭಿಸಿದ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ 1944ರಿಂದ ಸುಮಾರು ಹನ್ನೊಂದು ವರ್ಷ ಬಿಲ್‌ನನ್ನು ಖಿನ್ನತೆ ಹಿಡಿದು ಅಲ್ಲಾಡಿಸಿತು. ಕಚೇರಿಯಲ್ಲಿ ತಲೆಯ ಮೇಲೆ ಕೈಹೊತ್ತು ಅಳುತ್ತಾ ಕೂತುಬಿಡುತ್ತಿದ್ದ. ಹ್ಯಾರಿ ಟೀಬೌಟ್ ಎಂಬ ಮನೋವೈದ್ಯರ ಬಳಿ ಹೋದ. ಅದಕ್ಕೂ ಎಎ ಒಳಗೇ ಟೀಕೆ ಬಂತು. ಊರಿಗೆಲ್ಲ ದಾರಿ ತೋರಿಸಿದವನಿಗೇ ಹೀಗಾದರೆ ಹೇಗೆ ಅಂತ! 1958ರಲ್ಲಿ ಆತನೇ ಬರೆದುಕೊಂಡ: ಬೇರೆಯವರ ಮೆಚ್ಚುಗೆಗೆ, ಆಸರೆಗೆ ಜೋತುಬಿದ್ದದ್ದೇ ತನ್ನ ಖಿನ್ನತೆಯ ಬೇರು ಎಂದು.

ಹಾಗಾದರೆ ಎಲ್ಲರದೂ ಇದೇ ಕಥೆಯಾ? ಇಲ್ಲ. 1988ರಲ್ಲಿ ಬ್ರೌನ್ ಮತ್ತು ಶುಕಿಟ್ ಎಂಬ ಸಂಶೋಧಕರು, ಕುಡಿತದ ಚಿಕಿತ್ಸೆಗೆ ದಾಖಲಾದ 191 ಗಂಡಸರನ್ನು ಗಮನಿಸಿದರು. ಬಂದಾಗ ಶೇ. 42ರಷ್ಟು ಜನರಲ್ಲಿ ತೀವ್ರ ಖಿನ್ನತೆಯ ಲಕ್ಷಣಗಳಿದ್ದವು. ಕುಡಿಯದೆ ನಾಲ್ಕು ವಾರ ಕಳೆದಾಗ ಉಳಿದದ್ದು ಶೇ. 6 ಮಾತ್ರ. ಅಂದರೆ ಹೆಚ್ಚಿನವರ ಬೇಸರ ಕುಡಿತದಿಂದಲೇ ಬಂದದ್ದು, ಅದರ ಜೊತೆಗೇ ಹೋಯಿತು.

ಆದರೆ ಆ ಉಳಿದ ಆರು? ಅವರೆಲ್ಲ ಬಿಲ್‌ನ ಬಳಗ. "ಬಿಟ್ಟಾಯ್ತಲ್ಲ, ಇನ್ನೇನು ಕೊರತೆ ನಿಂಗೆ?" ಅಂತ ನಾವು ಗದರುವುದು ಇಂಥವರನ್ನೇ. ಬಿಟ್ಟು ತಿಂಗಳಾದರೂ ಮುಖ ಅರಳದಿದ್ದರೆ ಅದು ಸೋಮಾರಿತನವಲ್ಲ, ಕೊಬ್ಬೂ ಅಲ್ಲ. ಇನ್ನೊಂದು ಕಾಯಿಲೆ, ಅದಕ್ಕೂ ಮದ್ದಿದೆ. ಬಿಲ್ 1971ರಲ್ಲಿ ತೀರಿಕೊಂಡ. 36 ವರ್ಷ ಕುಡಿದಿರಲಿಲ್ಲ. ಅದರಲ್ಲಿ ಹನ್ನೊಂದು ವರ್ಷ ಅಳುತ್ತಲೇ ಕುಡಿಯದೆ ಉಳಿದನಲ್ಲ, ನನಗೆ ದೊಡ್ಡದಾಗಿ ಕಾಣೋದು ಅದೇ.