ದಿನಕರ ದೇಸಾಯಿ: ಕೆನರಾ ಕ್ಷೇತ್ರದ ಪಕ್ಷೇತರ ಸಂಸದ

ದಿನಕರ ದೇಸಾಯಿ (1909–1982) ಉತ್ತರ ಕನ್ನಡ ಜಿಲ್ಲೆಯ ರೈತ ಮುಖಂಡರು, ಕಾರ್ಮಿಕ ಸಂಘಟಕರು, ಶಾಲೆಗಳನ್ನು ಕಟ್ಟಿದವರು, ಕವಿಗಳು ಮತ್ತು ನಾಲ್ಕನೆಯ ಲೋಕಸಭೆಯ ಸದಸ್ಯರು. ಅವರು ಗಡಿಯಾರವನ್ನು ಕುರಿತು ಬರೆದ ಶಿಶುಗೀತೆಯನ್ನು ಹಲವು ತಲೆಮಾರುಗಳ ಮಕ್ಕಳು ಬಾಯಿಪಾಠ ಮಾಡಿದ್ದಾರೆ. ಅದನ್ನು ಬರೆದವರು ದೆಹಲಿಯ ಸಂಸತ್ ಭವನದಲ್ಲಿ ಕುಳಿತಿದ್ದವರು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಸಂಸತ್ತಿನಲ್ಲಿ ಅವರು ಇದ್ದದ್ದು ನಾಲ್ಕು ವರ್ಷಕ್ಕೂ ಕಡಿಮೆ. ಅವರು ಅಲ್ಲಿಗೆ ಹೋದದ್ದು ಹೇಗೆ ಎಂಬುದನ್ನು ಅರಿಯಬೇಕಾದರೆ ಅದಕ್ಕೆ ಹಿಂದಿನ ಮೂರು ದಶಕಗಳನ್ನು ನೋಡಬೇಕು.

ಬಾಲ್ಯ ಮತ್ತು ವಿದ್ಯಾಭ್ಯಾಸ

ದೇಸಾಯಿಯವರು 1909ರ ಸೆಪ್ಟೆಂಬರ್ 10ರಂದು ಅಂಕೋಲಾ ತಾಲ್ಲೂಕಿನಲ್ಲಿ ಜನಿಸಿದರು. ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಮುಂಬಯಿಯಲ್ಲಿ ಇತಿಹಾಸದ ಎಂ.ಎ. ಹಾಗೂ ಕಾನೂನು ಪದವಿ ಪಡೆದರು. ಕಲ್ಯಾಣದ ಚಾಲುಕ್ಯರ ಕಾಲದ ಮಹಾಮಂಡಲೇಶ್ವರರನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥ 1951ರಲ್ಲಿ ಪ್ರಕಟವಾಯಿತು. ವಕೀಲಿಕೆಗೂ ಅಧ್ಯಾಪಕ ವೃತ್ತಿಗೂ ದಾರಿ ತೆರೆದಿತ್ತು. ಅವರು ಎರಡನ್ನೂ ಬಿಟ್ಟು ಭಾರತ ಸೇವಕ ಸಮಾಜವನ್ನು ಸೇರಿದರು.

ಭಾರತ ಸೇವಕ ಸಮಾಜ

ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಸದಸ್ಯರು ಸಾರ್ವಜನಿಕ ಸೇವೆಯನ್ನೇ ಜೀವನವೃತ್ತಿಯಾಗಿ ಸ್ವೀಕರಿಸುತ್ತಿದ್ದರು. ಮನೆ ನಡೆಯುವಷ್ಟು ಭತ್ಯೆ ದೊರೆಯುತ್ತಿತ್ತು; ಅದರಾಚೆಗೆ ಸ್ವಂತಕ್ಕಾಗಿ ಹಣ ಗಳಿಸುವಂತಿರಲಿಲ್ಲ. ಕಾರ್ಮಿಕ ನಾಯಕ ಎನ್.ಎಂ. ಜೋಶಿ ಈ ಸಮಾಜದವರೇ. ಸಂಸದೀಯ ಪಟು ಹೃದಯನಾಥ ಕುಂಜ್ರು ಕೂಡ ಇದರ ಸದಸ್ಯರು. ದೇಸಾಯಿಯವರು ಮುಂದೆ ಪಕ್ಷದ ಹಂಗಿಲ್ಲದೆ ಚುನಾವಣೆಗೆ ನಿಂತದ್ದರ ಹಿಂದೆ ಈ ಪರಂಪರೆಯ ಪ್ರಭಾವವನ್ನು ಕಾಣಬಹುದು.

ಮುಂಬಯಿಯಲ್ಲಿ ಅವರು ಹಡಗು ಕಾರ್ಮಿಕರ ನಡುವೆ ಕೆಲಸ ಮಾಡಿದರು. ಹಡಗಿನಲ್ಲಿ ಕೆಲಸ ಬೇಕೆಂದರೆ ಖಲಾಸಿಯು ಸರಂಗ ಎಂಬ ಮೇಸ್ತ್ರಿಯ ಮತ್ತು ದಲ್ಲಾಳಿಗಳ ಕೈ ಬೆಚ್ಚಗೆ ಮಾಡಬೇಕಾಗಿದ್ದ ಕಾಲವದು. ಒಂದು ಪ್ರಯಾಣ ಮುಗಿಸಿ ಬಂದವನು ಮುಂದಿನ ಹಡಗಿಗಾಗಿ ತಿಂಗಳುಗಟ್ಟಲೆ ಸಾಲ ಮಾಡಿಕೊಂಡು ಕಾಯುತ್ತಿದ್ದನು. ಭಾರತದ ಕಡಲ ಕಾರ್ಮಿಕರ ಸ್ಥಿತಿಗತಿಯನ್ನು ಕುರಿತು ದೇಸಾಯಿಯವರು 1940ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು.

ಗೇಣಿ ಪದ್ಧತಿ ಮತ್ತು ರೈತ ಚಳವಳಿ

ಊರಿನ ಕಡೆಯ ಸಮಸ್ಯೆ ಬೇರೆ ಬಗೆಯದು. ಘಟ್ಟಕ್ಕೂ ಕಡಲಿಗೂ ನಡುವಿನ ಇಕ್ಕಟ್ಟಾದ ನೆಲದಲ್ಲಿ ಗದ್ದೆ ಒಬ್ಬರದು, ದುಡಿತ ಇನ್ನೊಬ್ಬರದು. ಉಳುವವನನ್ನು ಒಕ್ಕಲು ಎಂದೂ ನೆಲದ ಹಕ್ಕುಳ್ಳವನನ್ನು ಒಡೆಯ ಎಂದೂ, ಒಕ್ಕಲು ತೆರಬೇಕಾದ ಪಾಲನ್ನು ಗೇಣಿ ಎಂದೂ ಕರೆಯುತ್ತಿದ್ದರು. ಮೂಲಗೇಣಿಯವನಿಗೆ ಕಾಯಂ ಹಕ್ಕಿತ್ತು. ಚಾಲಗೇಣಿಯವನಿಗೆ ಅದೂ ಇರಲಿಲ್ಲ. ಒಡೆಯನ ಮನಸ್ಸು ತಿರುಗಿದರೆ ಅವನು ಗದ್ದೆ ಬಿಡಬೇಕಾಗಿತ್ತು. ಕೊಯ್ಲು ಮುಗಿದೊಡನೆ ಭತ್ತ ಒಡೆಯನ ಅಂಗಳದಲ್ಲಿ ಅಳತೆಯಾಗುತ್ತಿತ್ತು. ಮಳೆ ಕೈಕೊಟ್ಟ ವರ್ಷವೂ ಗೇಣಿ ಬಾಕಿ ನಿಲ್ಲುತ್ತಿತ್ತು, ಮುಂದಿನ ವರ್ಷದ ಲೆಕ್ಕಕ್ಕೆ ಸೇರುತ್ತಿತ್ತು. ಸಾಲದೆಂಬಂತೆ ಒಡೆಯನ ಮನೆಯ ಬಿಟ್ಟಿ ಕೆಲಸ ಬೇರೆ.

ಅಂಕೋಲೆಗೆ ಹೋರಾಟ ಹೊಸತಾಗಿರಲಿಲ್ಲ. 1930ರ ಉಪ್ಪಿನ ಸತ್ಯಾಗ್ರಹ, ಅದರ ಬೆನ್ನಿಗೆ ಬಂದ ಕರನಿರಾಕರಣೆಯಿಂದ ಅದು ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಪಡೆದಿತ್ತು. ಆದರೆ ಅಲ್ಲಿ ಎದುರಾಳಿ ಬ್ರಿಟಿಷ್ ಸರಕಾರ. ದೇಸಾಯಿಯವರು ಎತ್ತಿಕೊಂಡದ್ದು ಊರೊಳಗಿನ ಒಡೆಯನ ಪ್ರಶ್ನೆ, ಆದ್ದರಿಂದ ಹೆಚ್ಚು ಮುಜುಗರದ ಪ್ರಶ್ನೆ. ಉಳುವವನೇ ಹೊಲದೊಡೆಯ ಎಂಬ ಘೋಷಣೆಯೊಡನೆ ಅವರು ಒಕ್ಕಲುಗಳನ್ನು ಸಂಘಟಿಸಿದರು. ಸರಕಾರ 1940ರಿಂದ ಐದು ವರ್ಷಗಳ ಕಾಲ ಅವರು ಜಿಲ್ಲೆಯೊಳಗೆ ಕಾಲಿಡದಂತೆ ನಿರ್ಬಂಧ ಹೇರಿತು. ಹುಟ್ಟಿದ ಜಿಲ್ಲೆಯೇ ಅವರಿಗೆ ನಿಷಿದ್ಧವಾಯಿತು.

1948ರಲ್ಲಿ ಮುಂಬಯಿ ಗೇಣಿ ಕಾಯಿದೆ ಬಂದಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆದರೂ ಹೊಲದೊಡೆತನ ಬಹುಪಾಲು ಒಕ್ಕಲುಗಳ ಕೈಗೆ ಬರಲು ದೇವರಾಜ ಅರಸು ಸರಕಾರದ ಭೂಸುಧಾರಣಾ ತಿದ್ದುಪಡಿಯನ್ನು ಕಾಯಬೇಕಾಯಿತು. 1974ರ ಮಾರ್ಚ್ 1ರಂದು ಅದು ಜಾರಿಗೆ ಬಂದಾಗ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದರು. ಕರಾವಳಿಯ ಮಾತಿನಲ್ಲಿ ಅದಕ್ಕೆ ‘ಡಿಕ್ಲರೇಶನ್ ಕೊಡುವುದು’ ಎಂದೇ ಹೆಸರು.

ಕೆನರಾ ವೆಲ್‌ಫೇರ್ ಟ್ರಸ್ಟ್

ಗೇಣಿಯ ಲೆಕ್ಕ ಓದಲು ಬಾರದ ಒಕ್ಕಲಿಗೆ ಕಾಯಿದೆ ಇದ್ದೂ ಇಲ್ಲದಂತೆ. 1953ರಲ್ಲಿ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಹಳ್ಳಿಗಳಲ್ಲಿ ಪ್ರೌಢಶಾಲೆಗಳನ್ನು ತೆರೆಯತೊಡಗಿದರು. ಇದರ ಬೆಲೆ ತಿಳಿಯಬೇಕಾದರೆ ಜಿಲ್ಲೆಯ ನಕ್ಷೆಯನ್ನು ಮುಂದಿಟ್ಟುಕೊಳ್ಳಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ನದಿಗಳು ಘಟ್ಟವಿಳಿದು ಕಡಲು ಸೇರುವಾಗ ಕರಾವಳಿಯನ್ನು ತುಂಡು ತುಂಡಾಗಿ ಕತ್ತರಿಸುತ್ತವೆ. ಸೇತುವೆಗಳಿಲ್ಲದ ದಿನಗಳಲ್ಲಿ ಆಚೆ ದಡದ ಹುಡುಗ ಪೇಟೆಯ ಶಾಲೆಗೆ ಬರಬೇಕಾದರೆ ತಾರಿ ಎಂಬ ದೋಣಿಯಲ್ಲಿ ಹೊಳೆ ದಾಟಬೇಕು. ಮಳೆಗಾಲದಲ್ಲಿ ಹೊಳೆ ತುಂಬಿದರೆ ತಾರಿಯೂ ಇಲ್ಲ, ಶಾಲೆಯೂ ಇಲ್ಲ. ಪೇಟೆಯಲ್ಲಿ ಉಳಿದು ಓದುವ ಅನುಕೂಲ ಇದ್ದವರು ಒಡೆಯರ ಮನೆಯ ಮಕ್ಕಳು. ಶಾಲೆಯನ್ನೇ ಹಳ್ಳಿಗೆ ಒಯ್ದದ್ದರಿಂದ ಒಕ್ಕಲು ಮತ್ತು ಮೀನುಗಾರ ಕುಟುಂಬಗಳ ಮಕ್ಕಳಿಗೆ ಹೈಸ್ಕೂಲಿನ ಮೆಟ್ಟಿಲು ಕಂಡಿತು. ಗೋಖಲೆಯವರ ಜನ್ಮ ಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಯಲ್ಲಿ ಕಾಲೇಜೂ ಆರಂಭವಾಯಿತು. ಅದರ ಹೆಸರು ಗೋಖಲೆ ಸೆಂಟಿನರಿ ಕಾಲೇಜು.

ಲೋಕಸಭಾ ಸದಸ್ಯತ್ವ

ಜಿಲ್ಲೆಯ ಕೆನರಾ ಕ್ಷೇತ್ರವನ್ನು 1952ರಿಂದ ಸತತ ಮೂರು ಅವಧಿಗೆ ಕಾಂಗ್ರೆಸ್ಸಿನ ಜೋಕಿಂ ಆಳ್ವ ಪ್ರತಿನಿಧಿಸಿದ್ದರು. 1967ರ ಚುನಾವಣೆಯಲ್ಲಿ ಅದು ಪಕ್ಷೇತರರಾದ ದೇಸಾಯಿಯವರ ಪಾಲಾಯಿತು. ಆ ವರ್ಷ ದೇಶದೆಲ್ಲೆಡೆ ಕಾಂಗ್ರೆಸ್ಸಿನ ಬಲ ಕುಗ್ಗಿ, 520 ಸ್ಥಾನಗಳ ಸದನದಲ್ಲಿ ಅದು 283ಕ್ಕೆ ಇಳಿಯಿತು. ಈ ಗಾಳಿಯೂ ಅವರಿಗೆ ನೆರವಾಗಿರಬೇಕು. ಆದರೆ ಪಕ್ಷದ ಯಂತ್ರವಿಲ್ಲದ ಅಭ್ಯರ್ಥಿಗೆ ಗಾಳಿಯೊಂದೇ ಸಾಲದು. ಹಳ್ಳಿಹಳ್ಳಿಯಲ್ಲಿ ಶಾಲೆ ಇದ್ದುದರಿಂದ, ಗೇಣಿಯ ಜಗಳದಲ್ಲಿ ಜೊತೆಗೆ ನಿಂತ ನೆನಪು ಹಸಿಯಾಗಿದ್ದುದರಿಂದ ಅವರನ್ನು ಪರಿಚಯಿಸುವ ಅಗತ್ಯ ಯಾರಿಗೂ ಇರಲಿಲ್ಲ.

ಅವರ ಕ್ಷೇತ್ರದ ಕಾರವಾರದ ಮೇಲೂ ಮಹಾರಾಷ್ಟ್ರ ಹಕ್ಕು ಹೂಡಿದ್ದ ಗಡಿ ವಿವಾದದಲ್ಲಿ ಮಹಾಜನ ಆಯೋಗ ವರದಿ ಕೊಟ್ಟದ್ದೂ 1967ರಲ್ಲೇ. 1970ರ ಡಿಸೆಂಬರಿನಲ್ಲಿ ಲೋಕಸಭೆ ಅವಧಿಗೆ ಮೊದಲೇ ವಿಸರ್ಜನೆಯಾಯಿತು. 1971ರಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 27 ಸ್ಥಾನಗಳನ್ನೂ ಗೆದ್ದಾಗ ಕೆನರಾ ಬಿ.ವಿ. ನಾಯಕರಿಗೆ ಹೋಯಿತು.

ಚೌಪದಿ

ದೇಸಾಯಿಯವರ ನಿಜವಾದ ವೇದಿಕೆ ಸಂಸತ್ತಿಗಿಂತ ನಾಲ್ಕು ಸಾಲಿನ ಪದ್ಯ ಎನ್ನಬೇಕು. ಚೌಪದಿಯಲ್ಲಿ ಮೊದಲೆರಡು ಸಾಲುಗಳಿಗೆ ಒಂದು ಅಂತ್ಯಪ್ರಾಸ, ಕೊನೆಯೆರಡಕ್ಕೆ ಇನ್ನೊಂದು. ಆರಂಭದ ಜೋಡಿ ಎಲ್ಲರೂ ಒಪ್ಪುವ ಮಾತನ್ನು ಹೇಳಿ ಓದುಗನನ್ನು ನಂಬಿಸುತ್ತದೆ, ಮೂರನೆಯ ಸಾಲು ಕಣ್ಣು ಮಿಟುಕಿಸುತ್ತದೆ, ನಾಲ್ಕನೆಯದು ಚುಚ್ಚುತ್ತದೆ. ಸರ್ವಜ್ಞನ ತ್ರಿಪದಿಯಂತೆ ಇದಕ್ಕೂ ಪುಸ್ತಕ ಬೇಕಿಲ್ಲ, ಒಮ್ಮೆ ಕೇಳಿದರೆ ಬಾಯಲ್ಲಿ ನಿಲ್ಲುತ್ತದೆ. ಅಂಕೋಲೆಯ ‘ಜನಸೇವಕ’ ವಾರಪತ್ರಿಕೆಯಲ್ಲಿ ಅವರ ಚೌಪದಿಗಳು ಬರುತ್ತಿದ್ದವು. ಸಾವಿರಾರು ಚೌಪದಿಗಳನ್ನು ಬರೆದ ಅವರಿಗೆ ಓದುಗರು ‘ಚುಟುಕ ಬ್ರಹ್ಮ’ ಎಂಬ ಹೆಸರು ಕೊಟ್ಟರು. ಮಂತ್ರಿ, ಮಠ, ಮದುವೆ, ಕವಿ ಯಾವುದೂ ಅವರ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ; ಹಲವು ಚೌಪದಿಗಳಲ್ಲಿ ಪೆಟ್ಟು ತಿಂದವನು ಸ್ವತಃ ದಿನಕರನೇ.

ಅವರು 1982ರ ನವೆಂಬರ್ 6ರಂದು ನಿಧನರಾದರು. ಒಡೆಯ ಒಕ್ಕಲುಗಳ ಡಿಕ್ಲರೇಶನ್ ವ್ಯಾಜ್ಯಗಳು ಭೂನ್ಯಾಯ ಮಂಡಳಿಗಳ ಮುಂದೆ ಆಗಿನ್ನೂ ಪೂರ್ತಿ ತೀರಿರಲಿಲ್ಲ.