ಗಡಿನಾಡಿನವರ ರಹದಾರಿ: ಕಾಗದಪತ್ರಗಳ ಒಂದು ಚರಿತ್ರೆ

ಇಂದು ಕಾಸರಗೋಡು ಸೀಮೆಯ ಯಾವ ಮದುವೆಮನೆಗೆ ಹೋದರೂ ಹಿರಿಯರ ಪಂಕ್ತಿಯಲ್ಲಿ ಒಂದು ಮಾತು ಕೇಳಿಬರುತ್ತದೆ. "ಮಗಳು ಕೆನಡಾಕ್ಕೆ ಬನ್ನಿ ಎನ್ನುತ್ತಿದ್ದಾಳೆ", "ಮಗ ದುಬಾಯಿಯಲ್ಲಿ ಮನೆ ಮಾಡಿದ್ದಾನೆ, ಇನ್ನು ಇಲ್ಲಿ ಒಬ್ಬರೇ ಯಾಕೆ ಎಂದು ಕೇಳುತ್ತಿದ್ದಾನೆ". ಪುರಾಣಕಾಲದಲ್ಲಿ ವಾನಪ್ರಸ್ಥಕ್ಕೆ ಹೊರಡುವವನಿಗೆ ನಾರುಮಡಿ ಸಾಕಾಗಿತ್ತು. ಇಂದಿನ ವಾನಪ್ರಸ್ಥರಿಗೆ ಪಾಸ್‌ಪೋರ್ಟು, ವೀಸಾ, ವಿಮಾಪತ್ರ, ಬ್ಯಾಂಕ್ ಖಾತೆ ಇವೆಲ್ಲವೂ ಬೇಕು. ಈ ಕಾಗದಗಳ ಹಾದಿ ಎಲ್ಲರಿಗೂ ದೀರ್ಘವೇ. ಗಡಿನಾಡಿನ ಕನ್ನಡಿಗನಿಗೆ ಅದು ಇನ್ನಷ್ಟು ದೀರ್ಘವಾದುದೇಕೆ ಎಂಬುದಕ್ಕೆ ಒಂದು ಚರಿತ್ರೆಯಿದೆ. ಆ ಚರಿತ್ರೆಯ ಒಂದೆರಡು ಸಾಲುಗಳನ್ನು ಬರೆದವರಲ್ಲಿ ನನ್ನಂತಹ ಅಧ್ಯಾಪಕರೂ ಇದ್ದೇವೆ.

ಪಾಸ್‌ಪೋರ್ಟಿಗೆ ನಮ್ಮ ಹಿರಿಯರು ರಹದಾರಿ ಎನ್ನುತ್ತಿದ್ದರು. ಮೊದಲನೆಯ ಮಹಾಯುದ್ಧಕ್ಕಿಂತ ಮುಂಚೆ ಭಾರತದಿಂದ ಹೊರಹೋಗುವ ಸಾಮಾನ್ಯ ಪ್ರಯಾಣಿಕನಿಗೆ ಅದು ಕಡ್ಡಾಯವಾಗಿರಲಿಲ್ಲ. ಯುದ್ಧಕಾಲದ ಭಾರತ ರಕ್ಷಣಾ ಕಾನೂನಿನಿಂದ ಅದು ಕಡ್ಡಾಯವಾಯಿತು. 1920ರಲ್ಲಿ ಪ್ರತ್ಯೇಕ ಕಾನೂನೇ ಬಂದಿತು. ಸ್ವಾತಂತ್ರ್ಯಾನಂತರ 1954ರಲ್ಲಿ ಮುಂಬೈ, ಕಲ್ಕತ್ತ, ದೆಹಲಿ, ಮದರಾಸು ಮತ್ತು ನಾಗಪುರಗಳಲ್ಲಿ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗಳು ತೆರೆದುವು. ಪಾಸ್‌ಪೋರ್ಟ್ ಕೊಡುವುದೂ ಬಿಡುವುದೂ ಸರಕಾರದ ಇಚ್ಛೆಯೆಂಬ ಸ್ಥಿತಿ 1967ರವರೆಗೂ ಇತ್ತು. ಆ ವರ್ಷದ ಏಪ್ರಿಲಿನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದೇಶ ಪ್ರಯಾಣವು ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ಸಾರಿತು. ಜೂನ್ ತಿಂಗಳಲ್ಲಿಯೇ ಪಾಸ್‌ಪೋರ್ಟ್ ಕಾನೂನು ಜಾರಿಗೆ ಬಂದಿತು. ಇಂದು ಕಾಸರಗೋಡಿನ ಅಂಚೆ ಕಚೇರಿಯಲ್ಲಿಯೇ ಅರ್ಜಿ ಕೊಡಲು ಸಾಧ್ಯವಾಗಿರುವುದರ ಹಿಂದೆ ಇಷ್ಟು ದಾರಿ ಸವೆದಿದೆ.

ಇದು ದೇಶದ ಕಥೆ. ಇನ್ನು ನಮ್ಮ ಸೀಮೆಯ ಕಥೆ. 1956ರ ನವೆಂಬರ್ 1ರಂದು ನಾನು ಎರಡನೆಯ ತರಗತಿಯಲ್ಲಿದ್ದೆ. ಅಂದಿನವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಅಂದು ಕೇರಳಕ್ಕೆ ಸೇರಿತು. ಮೊದಲು ಮಲಬಾರು ಜಿಲ್ಲೆ, 1957ರ ಜನವರಿಯಿಂದ ಕಣ್ಣೂರು ಜಿಲ್ಲೆ, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ನನ್ನ ತಂದೆಯವರು ಹುಟ್ಟಿದ ಮನೆಯಲ್ಲಿಯೇ ತೀರಿಕೊಂಡರು. ಆದರೆ ಅವರ ಕಾಗದಗಳಲ್ಲಿ ನಾಲ್ಕು ಜಿಲ್ಲೆಗಳ ಹೆಸರುಗಳಿವೆ. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗವು ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದುದನ್ನೂ ಅದು ಕಡತದಲ್ಲಿಯೇ ಉಳಿದುದನ್ನೂ ಈ ಸಭೆಗೆ ನಾನು ನೆನಪಿಸಬೇಕಾಗಿಲ್ಲ. ಆ ನೋವಿನ ರಾಜಕೀಯ ಮುಖವನ್ನು ಕಯ್ಯಾರ ಕಿಞ್ಞಣ್ಣ ರೈಗಳಂತಹ ಹಿರಿಯರು ಸಾಕಷ್ಟು ಹೇಳಿದ್ದಾರೆ. ನಾನು ಹೇಳಹೊರಟಿರುವುದು ಅದರ ಗುಮಾಸ್ತಗಿರಿಯ ಮುಖವನ್ನು.

ರಾಜ್ಯ ಬದಲಾದಾಗ ಹೆಸರಿನ ಕೊನೆಯ ಅಕ್ಷರವೂ ಬದಲಾಯಿತು. ಕನ್ನಡದ ನಾರಾಯಣ ಮಲೆಯಾಳದ ದಾಖಲೆಯಲ್ಲಿ ನಾರಾಯಣನ್ ಆದನು. ಕೃಷ್ಣ ಕೃಷ್ಣನ್ ಆದನು. ಮಂಜೇಶ್ವರ ಮಂಜೇಶ್ವರಂ ಆಯಿತು. ಬರೆದವರಿಗೆ ದುರುದ್ದೇಶವಿತ್ತೆಂದು ನಾನು ಹೇಳಲಾರೆ. ಅವರ ಭಾಷೆಯಲ್ಲಿ ಆ ಹೆಸರು ಹಾಗೆಯೇ. ಅದನ್ನು ಇಂಗ್ಲಿಷಿಗೆ ಇಳಿಸಿದವನು ಮೂರನೆಯ ರೂಪ ಕೊಟ್ಟನು. ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ, ನಾರಾಯಣ ಯಾರೆಂದು ಎಲ್ಲರಿಗೂ ಗೊತ್ತಿತ್ತು. ಊರು ಬಿಟ್ಟು ಹೊರಟಾಗ ಮಾತ್ರ ಆ ಒಂದು 'ನ್' ಅಡ್ಡ ನಿಂತಿತು.

ಊರು ಬಿಡುವ ಕಾಲ ಬೇಗನೆ ಬಂದಿತು. ಕೊಲ್ಲಿಯ ನಾಡುಗಳು ನಮಗೆ ತೀರ ಪರದೇಶಗಳಾಗಿರಲಿಲ್ಲ. ಅಲ್ಲಿನ ಪೇಟೆಗಳಲ್ಲಿ ನಮ್ಮ ರೂಪಾಯಿಯೇ ಓಡುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕು ಅಲ್ಲಿಗೆಂದೇ ಬೇರೆ ಬಣ್ಣದ 'ಗಲ್ಫ್ ರೂಪಾಯಿ' ನೋಟುಗಳನ್ನು ಅಚ್ಚು ಹಾಕಿಸಿತು. 1961ರಲ್ಲಿ ಕುವೈತ್ ತನ್ನದೇ ನಾಣ್ಯ ತಂದಿತು. 1966ರಲ್ಲಿ ನಮ್ಮ ರೂಪಾಯಿ ಅಪಮೌಲ್ಯವಾದ ಮೇಲೆ ದುಬಾಯಿ, ಕತಾರುಗಳೂ ಅದನ್ನು ಕೈಬಿಟ್ಟುವು. ಎಪ್ಪತ್ತರ ದಶಕದಲ್ಲಿ ಎಣ್ಣೆಯ ಬೆಲೆ ಏರಿದಾಗ ನಮ್ಮ ಕರಾವಳಿಯ ಹುಡುಗರು ಮುಂಬೈ ಮಾರ್ಗವಾಗಿ ಅಲ್ಲಿಗೆ ಹೊರಟರು. 1983ರ ವಲಸೆ ಕಾನೂನಿನಂತೆ ಹತ್ತನೆಯ ತರಗತಿ ದಾಟದವನ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಅನುಮತಿ ಬೇಕಾಗಿತ್ತು. ಹೀಗಾಗಿ ಹಳ್ಳಿಯ ಶಾಲೆಯ ಹಾಜರಿ ಪುಸ್ತಕಕ್ಕೂ ವಿಮಾನ ನಿಲ್ದಾಣಕ್ಕೂ ಸಂಬಂಧ ಬೆಸೆಯಿತು.

ಈಗ ನನ್ನ ಶಿಷ್ಯನೊಬ್ಬನ ಪ್ರಸಂಗ. ಅವನನ್ನು ನಾರಾಯಣ ಎಂದೇ ಕರೆಯೋಣ. 1987ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ ದುಬಾಯಿಗೆ ಹೋದವನು ಮೂವತ್ತಾರು ವರ್ಷ ಅಂಗಡಿಯೊಂದರಲ್ಲಿ ದುಡಿದು ಹಿಂದಿರುಗಿದನು. ಅಲ್ಲಿನ ಕಾನೂನಿನಂತೆ ಅವನಂತಹವರಿಗೆ ನಿವೃತ್ತಿವೇತನವಿಲ್ಲ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಅನಂತರ 30 ದಿನಗಳ ಮೂಲವೇತನದ ಲೆಕ್ಕದಲ್ಲಿ ಒಂದು ಇಡಿಗಂಟು ದೊರೆಯುತ್ತದೆ. ಕೆಲಸ ಹೋದರೆ ವಾಸದ ವೀಸಾವೂ ಹೋಗುತ್ತದೆ. 55 ವರ್ಷ ದಾಟಿದವರಿಗೆ ಐದು ವರ್ಷಗಳ ನಿವೃತ್ತಿ ವೀಸಾವನ್ನು ದುಬಾಯಿ 2020ರಲ್ಲಿ ತಂದಿತಾದರೂ, ಅದು ದೊಡ್ಡ ಉಳಿತಾಯ, ಆಸ್ತಿ ಅಥವಾ ಆದಾಯವಿರುವವರಿಗೆ ಮಾತ್ರ ಎಟಕುವಂತಹದು. ನಾರಾಯಣನ ಮಗಳು ಕೆನಡಾದಲ್ಲಿ ದಾದಿ. ಅವಳು ತಂದೆತಾಯಿಯರನ್ನು ಅಲ್ಲಿಗೆ ಕರೆದಳು.

ಒಂದು ಸಂಜೆ ಅವನು ಪ್ಲಾಸ್ಟಿಕ್ ಚೀಲದ ತುಂಬ ಕಾಗದಗಳನ್ನು ಹಿಡಿದು ನಮ್ಮ ಚಾವಡಿಗೆ ಬಂದನು. "ಮಾಷ್ಟ್ರೇ, ನಾನು ಯಾರು ಅಂತ ನೀವೊಮ್ಮೆ ಬರೆದುಕೊಡಬೇಕಂತೆ" ಎಂದನು. ನಗುತ್ತಲೇ ಹೇಳಿದನು, ಆದರೆ ಅವನ ಕೈ ನಡುಗುತ್ತಿತ್ತು.

ಕೆನಡಾ ಸರಕಾರವು 2011ರ ಡಿಸೆಂಬರಿನಲ್ಲಿ ತಂದೆತಾಯಿ ಮತ್ತು ಅಜ್ಜ ಅಜ್ಜಿಯರಿಗಾಗಿ 'ಸೂಪರ್ ವೀಸಾ' ಎಂಬುದನ್ನು ಆರಂಭಿಸಿತು. 2022ರ ಜುಲೈಯಿಂದ ಒಮ್ಮೆ ಹೋದರೆ ಐದು ವರ್ಷ ಇರಬಹುದು. ಅದಕ್ಕೆ ಮಕ್ಕಳ ಆಹ್ವಾನಪತ್ರ ಮತ್ತು ಆದಾಯದ ಪುರಾವೆ, ವೈದ್ಯಕೀಯ ತಪಾಸಣೆ, ಕನಿಷ್ಠ 1 ಲಕ್ಷ ಕೆನಡಾ ಡಾಲರಿನ ಒಂದು ವರ್ಷದ ಆರೋಗ್ಯ ವಿಮೆ ಬೇಕು. ಜೊತೆಗೆ, ಕರೆದವರು ನಮ್ಮ ಮಕ್ಕಳೇ ಎಂಬುದಕ್ಕೆ ಅವರ ಜನನಪತ್ರ. ಮಗಳ ಜನನಪತ್ರದಲ್ಲಿ ತಂದೆಯ ಹೆಸರು ನಾರಾಯಣನ್, ಪಾಸ್‌ಪೋರ್ಟಿನಲ್ಲಿ ನಾರಾಯಣ. ಅಕ್ಷರವೊಂದರಿಂದ ತಂದೆ ತಂದೆಯಲ್ಲವಾದನು.

ಎರಡನೆಯ ತೊಡಕು ಬ್ಯಾಂಕಿನದು. ವಿದೇಶದಲ್ಲಿ ನೆಲೆಸಿದ ಭಾರತೀಯರಿಗಾಗಿ 1970ರಲ್ಲಿ ಆರಂಭವಾದ ಎನ್‌ಆರ್‌ಇ ಖಾತೆಯಲ್ಲಿ ಅವನ ಉಳಿತಾಯವಿತ್ತು. ಊರಿಗೆ ಮರಳಿ ನೆಲೆಸಿದವನು ಅದನ್ನು ಸಾಮಾನ್ಯ ಖಾತೆಯಾಗಿ ಬದಲಿಸಿಕೊಳ್ಳಬೇಕು. ಅದಕ್ಕೆ ದಾಖಲೆ ಕೇಳಿದಾಗ ಆಧಾರಿನಲ್ಲಿ ಹುಟ್ಟಿದ ದಿನ 30-5-1968. ಪಾಸ್‌ಪೋರ್ಟಿನಲ್ಲಿ ವರ್ಷ 1966. ಮುಂಬೈಯ ಏಜೆಂಟನು ಹುಡುಗನಿಗೆ ಪ್ರಾಯ ಕಡಿಮೆಯೆಂದು ಎರಡು ವರ್ಷ ಕೂಡಿಸಿದ್ದನು. "ಶಾಲೆಯ ದಾಖಲೆಯೇ ನಿಜವಲ್ಲವೇ?" ಎಂದು ನಾರಾಯಣ ನನ್ನ ಮುಖ ನೋಡಿದನು.

ನಾನು ಸುಮ್ಮನಾದೆ. 1973ರ ಜೂನಿನಲ್ಲಿ ಆ ಪ್ರವೇಶ ಪುಸ್ತಕವನ್ನು ಬರೆದವನು ಹೊಸ ಅಧ್ಯಾಪಕನಾಗಿದ್ದ ನಾನೇ. ಅವನ ತಾಯಿ ಹೇಳಿದ್ದು "ಆಟಿ ಅಮಾವಾಸ್ಯೆಯ ಮರುದಿನ" ಎಂದು. ಆಟಿಯೆಂದರೆ ಜುಲಾಯಿ, ಆಗಸ್ಟ್. ಹಾಗೆ ಬರೆದರೆ ಜೂನಿಗೆ ಐದು ವರ್ಷ ತುಂಬುವುದಿಲ್ಲ, ಮಗು ಇನ್ನೊಂದು ವರ್ಷ ದನ ಕಾಯಬೇಕು. ಆದ್ದರಿಂದ ಮೇ ತಿಂಗಳ ಒಂದು ದಿನವನ್ನು ಬರೆದೆ. ಆ ಕಾಲದ ನಮ್ಮ ಶಾಲೆಗಳ ಪುಸ್ತಕಗಳನ್ನು ನೋಡಿದರೆ ಊರಿನ ಅರ್ಧದಷ್ಟು ಮಕ್ಕಳು ಮೇ ತಿಂಗಳಲ್ಲಿಯೇ ಹುಟ್ಟಿದಂತೆ ಕಾಣುತ್ತದೆ. ಉಪಕಾರವೆಂದೇ ಮಾಡಿದೆವು. ಆ ಅಂದಾಜು ಮುಂದೆ ಎಸ್‌ಎಸ್‌ಎಲ್‌ಸಿ ಪುಸ್ತಕಕ್ಕೆ, ಮತದಾರರ ಚೀಟಿಗೆ, ಆಧಾರಿಗೆ ಹರಿದುಹೋಗಿ ಸತ್ಯವಾಯಿತು.

ಹೆಸರಿನ ತೊಡಕು ಬಗೆಹರಿಯಿತು. ಕೇರಳದಲ್ಲಿ ಗ್ರಾಮಾಧಿಕಾರಿಯು 'ಇಬ್ಬರೂ ಒಬ್ಬನೇ' ಎಂಬ ದೃಢಪತ್ರವನ್ನು ಕೊಡುವ ವ್ಯವಸ್ಥೆಯಿದೆ. ಅಕ್ಷಯ ಕೇಂದ್ರದ ಮೂಲಕ ಅರ್ಜಿ ಹಾಕಿದೆವು. ಹುಟ್ಟಿದ ದಿನದ ವಿಷಯದಲ್ಲಿ, ಅವನ ದುಡಿಮೆಯ ಎಲ್ಲ ಕಾಗದಗಳೂ ಪಾಸ್‌ಪೋರ್ಟನ್ನು ಅನುಸರಿಸಿದ್ದುದರಿಂದ, ಆಧಾರನ್ನೇ ಅದಕ್ಕೆ ಸರಿಯಾಗಿ ತಿದ್ದಿಸಿದನು. ನನ್ನ ಅಂದಾಜು ಹೋಗಿ ಏಜೆಂಟನ ಅಂದಾಜು ನಿಂತಿತು. ಅವನ ತಾಯಿ ಹೇಳಿದ ಆಟಿಯ ಆ ದಿನ ಮಾತ್ರ ಯಾವ ಕಾಗದದಲ್ಲಿಯೂ ಇಲ್ಲ.

ಬ್ಯಾಂಕುಗಳ ವಿಷಯದಲ್ಲಿ ನಮ್ಮ ಹಳೆಯ ಜಿಲ್ಲೆಯದು ಹೆಮ್ಮೆಯ ಚರಿತ್ರೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕಿನ ಮೂಲಸಂಸ್ಥೆಯನ್ನೂ, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲನಿಧಿಯನ್ನೂ ಸ್ಥಾಪಿಸಿದರು. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದುವು. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದು, ದಿನಕ್ಕೆ ಎರಡಾಣೆ ಉಳಿಸುವವನ ಮನೆಬಾಗಿಲಿಗೇ ಬಂದರು. ಅಂದು ಖಾತೆ ತೆರೆಯಲು ನೆರೆಮನೆಯವನ ಪರಿಚಯ ಸಾಕಾಗಿತ್ತು. ಈಗ ಆ ಬ್ಯಾಂಕುಗಳೇ ಹೆಸರು ಬದಲಿಸಿವೆ. ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ, ಸಿಂಡಿಕೇಟ್ 2020ರ ಏಪ್ರಿಲ್ 1ರಂದು ಕೆನರಾದಲ್ಲಿ, ಕಾರ್ಪೊರೇಶನ್ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದುವು. ಹಳೆಯ ಪಾಸ್‌ಪುಸ್ತಕದ ಐಎಫ್‌ಎಸ್‌ಸಿ ಸಂಖ್ಯೆಯನ್ನು ವಿದೇಶದ ಮಕ್ಕಳಿಗೆ ಕೊಟ್ಟು, ಹಣ ಬರಲಿಲ್ಲವೆಂದು ಕಾದು ಕುಳಿತವರನ್ನು ನಾನು ಕಂಡಿದ್ದೇನೆ.

ಹೊರಡುವ ಹಿರಿಯರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುವುದು ಉಚಿತ. ಕೆಲವು ತಿಂಗಳು ಹೋಗಿ ಬರುವವರು ಖಾತೆ ಬದಲಿಸಬೇಕಾಗಿಲ್ಲ. ನೆಲೆಸುವ ಉದ್ದೇಶದಿಂದ ಹೋಗುವವರು ತಮ್ಮ ಸಾಮಾನ್ಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ನಿವೃತ್ತಿವೇತನ, ಬಾಡಿಗೆ, ಅಡಿಕೆಯ ಹಣ ಅದಕ್ಕೆ ಬರಬಹುದು. ಇಲ್ಲಿ ವಾಸವಿರುವವರು ಹೊರದೇಶಕ್ಕೆ ವರ್ಷಕ್ಕೆ 2,50,000 ಡಾಲರಿನವರೆಗೆ ಕಳುಹಿಸಬಹುದು. 2004ರಲ್ಲಿ ಈ ಯೋಜನೆ ಆರಂಭವಾದಾಗ ಮಿತಿ 25,000 ಆಗಿತ್ತು. ವಿದೇಶದಲ್ಲಿ ನೆಲೆಸಿದವನು ಇಲ್ಲಿರುವ ತನ್ನ ತೋಟವನ್ನು ಉಳಿಸಿಕೊಳ್ಳಬಹುದು, ಆದರೆ ಹೊಸದಾಗಿ ಕೃಷಿಭೂಮಿ ಕೊಳ್ಳುವಂತಿಲ್ಲ. ನಿವೃತ್ತಿವೇತನದಾರನು ಬದುಕಿದ್ದೇನೆಂದು ವರ್ಷಕ್ಕೊಮ್ಮೆ ತೋರಿಸಬೇಕು. ಹೊರದೇಶದಲ್ಲಿದ್ದರೆ ಭಾರತೀಯ ದೂತಾವಾಸದ ದೃಢೀಕರಣದಿಂದ ಅದನ್ನು ಪೂರೈಸಬಹುದು. ಹೊಸ ಊರಿನಲ್ಲಿ ಬ್ಯಾಂಕ್ ಖಾತೆ ತೆರೆಯುವಾಗ ಪಾಸ್‌ಪೋರ್ಟು, ವೀಸಾ, ವಿಳಾಸದ ಪುರಾವೆಗಳನ್ನು ಕೇಳುತ್ತಾರೆ. ಸರಿಯಾದ ಗುರುತುಪತ್ರವಿದ್ದರೆ ಉದ್ಯೋಗವಿಲ್ಲದವನಿಗೂ ಖಾತೆ ಕೊಡಬೇಕೆಂಬ ನಿಯಮ ಕೆನಡಾದಲ್ಲಿದೆ. ಎಲ್ಲ ಕಡೆಯೂ ಮುಖ್ಯವಾದುದು ಒಂದೇ: ಎಲ್ಲ ಕಾಗದಗಳಲ್ಲಿ ಹೆಸರು ಒಂದೇ ಆಗಿರಬೇಕು. 2022ರ ನವೆಂಬರಿನಲ್ಲಿ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವ ಪ್ರವಾಸಿಗಳನ್ನು ಸಂಯುಕ್ತ ಅರಬ್ ಸಂಸ್ಥಾನಗಳು ಬಿಡುವುದಿಲ್ಲವೆಂದಾಗ, ಕುಲನಾಮದ ಜಾಗವನ್ನು ಖಾಲಿ ಬಿಟ್ಟಿದ್ದವರು ಗಾಬರಿಗೊಂಡರು. ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿದ್ದರೆ ಸಾಕೆಂದು ಆಮೇಲೆ ತಿಳಿದುಬಂದಿತು.

ಹೆಂಗಸರ ಕಾಗದಗಳ ಸ್ಥಿತಿ ಇನ್ನೂ ಕಷ್ಟದ್ದು. ನಾರಾಯಣನ ಹೆಂಡತಿಗೆ ತವರಿನ ಹೆಸರು ಒಂದು, ರೇಶನ್ ಕಾರ್ಡಿನ ಹೆಸರು ಇನ್ನೊಂದು. ಅವಳ ಹೆಸರಿನಲ್ಲಿ ಬ್ಯಾಂಕ್ ಖಾತೆಯೇ ಇರಲಿಲ್ಲ. ಅವಳ ಕಾಗದಗಳಿಗೆ ಅವನದಕ್ಕಿಂತ ಹೆಚ್ಚು ದಿನಗಳು ಹಿಡಿದುವು. ಗಂಡನ ಹೆಸರಿನ ನೆರಳಿನಲ್ಲಿಯೇ ಇಡೀ ಬಾಳು ಸವೆಸಿದ ನಮ್ಮ ಮನೆಯ ತಾಯಂದಿರಿಗೆ ಜಂಟಿ ಖಾತೆ, ಸ್ವಂತ ಹೆಸರಿನ ಒಂದು ಪುರಾವೆ ಇವನ್ನು ಊರಿನಲ್ಲಿರುವಾಗಲೇ ಮಾಡಿಕೊಡಬೇಕು. ನಾನೂ ಇದನ್ನು ನನ್ನ ಮನೆಯಲ್ಲಿ ತಡವಾಗಿ ಮಾಡಿದವನು.

ಕನ್ನಡ ಸಂಘಗಳಿಗೆ ನನ್ನದೊಂದು ವಿನಂತಿಯಿದೆ. 1969ರ ಕೇರಳ ಅಧಿಕೃತ ಭಾಷಾ ಕಾನೂನು ರಾಜ್ಯ ಸರಕಾರದೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ನಡೆಸುವ ಅವಕಾಶವನ್ನು ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ಕೊಟ್ಟಿದೆ. ಆ ಹಕ್ಕನ್ನು ಭಾಷಣದಲ್ಲಿ ನೆನೆಯುವುದಕ್ಕಿಂತ ಅರ್ಜಿಯಲ್ಲಿ ಬಳಸುವುದು ಮೇಲು. ಸಾಹಿತ್ಯ ಸಮ್ಮೇಳನದ ಮರುದಿನ ಸಂಘದ ಕಟ್ಟಡದಲ್ಲಿಯೇ ಒಂದು ದಿನದ ಕಾಗದಪತ್ರ ಶಿಬಿರವನ್ನು ನಡೆಸಬಹುದು. ನಿವೃತ್ತ ಅಧ್ಯಾಪಕರು, ಬ್ಯಾಂಕ್ ನೌಕರರು, ಗ್ರಾಮಕಚೇರಿಯಲ್ಲಿ ದುಡಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಿರಿಯರು ತಮ್ಮ ಚೀಲಗಳನ್ನು ತರಲಿ. ಯಾವ ಕಾಗದದಲ್ಲಿ ಯಾವ ಅಕ್ಷರ ಹೆಚ್ಚು, ಯಾವುದು ಕಡಿಮೆ ಎಂದು ಕುಳಿತು ನೋಡೋಣ.

ನಾರಾಯಣನೂ ಅವನ ಹೆಂಡತಿಯೂ ಕಳೆದ ವರ್ಷ ಹೊರಟರು. ಮನೆಯ ಬೀಗದ ಕೈ ತಮ್ಮನಲ್ಲಿದೆ, ಊರಿನ ಖಾತೆಯನ್ನು ಮುಚ್ಚಿಲ್ಲ. ಮುಚ್ಚಬೇಡವೆಂದು ಹೇಳಿದವನು ನಾನೇ. ಹೊರಟವರಿಗೆ ಹಿಂದಿರುಗುವ ಮನಸ್ಸಾದಾಗ ಊರಿನಲ್ಲಿ ತಮ್ಮ ಹೆಸರಿನದೊಂದು ಪುಸ್ತಕ ಉಳಿದಿರಬೇಕು. ಶಾಲೆಯ ಆ ಪ್ರವೇಶ ಪುಸ್ತಕದಲ್ಲಿ ಅವನ ಹೆಸರು ಈಗಲೂ ಕನ್ನಡದಲ್ಲಿಯೇ ಇದೆ. ದಿನಾಂಕ ತಪ್ಪಾಗಿರಬಹುದು, ಹೆಸರನ್ನು ಮಾತ್ರ ಅವನ ತಾಯಿ ಹೇಳಿದಂತೆಯೇ ಬರೆದಿದ್ದೇನೆ.