ಟೀ ಬಕೆಟ್ಟಿನ ನೀರು

ಅಳಿಯಂದ್ರು ಗ್ಯಾರೇಜಿನ್ಯಾಗ ಟಿ-ಬಕೆಟ್ ಕಟ್ಟಲಿಕ್ಕತ್ತಾರ ಅಂತ ಮಗಳು ಫೋನಿನ್ಯಾಗ ಹೇಳಿದಾಗ ನಾನು ಚಹಾದ ಬಕೀಟು ಅಂತನ ತಿಳಕೊಂಡಿದ್ದೆ. ಕ್ಯಾಲಿಫೋರ್ನಿಯಾಕ್ಕ ಹೋಗಿ ನೋಡಿದ್ರ ಅದು ಮೋಟಾರು! ಹಳೇ ಕಾಲದ ಫೋರ್ಡ್ ಗಾಡಿ ಮೈ ಹಂಗ ಕಾಣೋ ಫೈಬರ್ ತೊಟ್ಟಿ, ಅದಕ್ಕ ಬಾಗಲಾ ಇಲ್ಲ, ಚಾವಣಿ ಇಲ್ಲ, ಮುಂದ ಬಾನೆಟ್ ಸುದ್ದಾ ಇಲ್ಲ. ಇಂಜಿನ್ನು ಎಲ್ಲಾರಿಗೂ ಕಾಣೋ ಹಂಗ ಬರೇ ಮೈಲೆ ಕೂತದ. ಇಂಥಾವಕ್ಕ ಹಾಟ್ ರಾಡ್ ಅಂತಾರ. ಸಾಮಾನೆಲ್ಲಾ ಡಬ್ಬಿಯೊಳಗ ಬರ್ತದ, ಮನ್ಯಾಗ ಕೂತು ಜೋಡಸೋದು.

ಮಗಳಿಗೆ ಇದು ಬಿಲ್ಕುಲ್ ಸೇರಂಗಿಲ್ಲ. "ಏನರ ಮಾಡಕೊಳ್ರಿ, ಆದ್ರ ನನ್ನ ಕೂಸನ್ನ ಅದರಾಗ ಕೂಡಸಂಗಿಲ್ಲ" ಅಂತ ಕಡ್ಡಿ ಮುರದಂಗ ಹೇಳಿಬಿಟ್ಟಿದ್ಲು. ಮೊಮ್ಮಗಳಿಗೆ ಆರು ವರ್ಷ. ಅಪ್ಪನ ಗಾಡ್ಯಾಗ ಯಾವಾಗ ಕೂಡತೀನಿ ಅಂತ ಆಕಿ ದಿನಾ ಕೇಳ್ತಿದ್ಲು. ನಾನು ನಡುವ. ನನ್ನ ಕೆಲಸ ಅಂದ್ರ ರಾತ್ರಿ ಊಟ ಆದಮ್ಯಾಲ ಬ್ಯಾಟರಿ ಹಿಡಕೊಂಡು ನಿಲ್ಲೋದು. ನಾ ಹೋದಾಗ ರೇಡಿಯೇಟರು, ಅದರ ನೀರಿನ ರಬ್ಬರ್ ಪೈಪು ಕೂಡಸೋದು ನಡದಿತ್ತು. ಅಳಿಯಂದ್ರು ಕೆಲಸ ಮಾಡತಾ ಮಾಡತಾ ಈ ನೀರಿನ ಕಥಿ ಹೇಳಿದ್ರು. ಆಮ್ಯಾಲ ನಾನೂ ಓದಿದೆ. ಓದಿದಷ್ಟೂ ಅನಿಸಿದ್ದು ಒಂದ. ಮೋಟಾರಿನ ಇತಿಹಾಸ ಅಂದ್ರ ಎಲ್ಲಾರೂ ವೇಗದ ಸುದ್ದಿ ಹೇಳ್ತಾರ. ಆದ್ರ ವೇಗ ಬರಸೋದಕ್ಕಿಂತ, ಹುಟ್ಟಿದ ಕಾವು ಹೊರಗ ಹಾಕೋದ ಜನಕ್ಕ ಹೆಚ್ಚು ತ್ರಾಸ ಕೊಟ್ಟದ.

ಮೊದಲನೇ ಸಾಕ್ಷಿ ಒಬ್ಬ ಹೆಣ್ಣುಮಗಳು. ಜರ್ಮನಿಯ ಬೆರ್ಥಾ ಬೆಂಝ್. 1888ರ ಆಗಸ್ಟಿನ್ಯಾಗ ಗಂಡ ಕಾರ್ಲ್ ಬೆಂಝ್‌ಗೆ ಹೇಳದನ, ಇಬ್ಬರು ಗಂಡುಮಕ್ಕಳನ್ನ ಕೂಡಿಸಿಕೊಂಡು ಆತ ಮಾಡಿದ ಮೂರು ಗಾಲಿ ಗಾಡಿಯನ್ನ ಮ್ಯಾನ್‌ಹೈಮ್‌ನಿಂದ ಫೋರ್ಝ್‌ಹೈಮ್‌ಗೆ ಓಡಿಸಿಕೊಂಡು ಹೋದ್ಲು. ಹೊಂಟಿದ್ದು ತವರಮನಿಗೆ! ನೂರು ಕಿಲೋಮೀಟರಿಗಿಂತ ತುಸು ಹೆಚ್ಚಿನ ದಾರಿ. ಎಣ್ಣಿ ನಳಿಗೆ ಕಟ್ಟಿದಾಗ ಟೋಪಿ ಪಿನ್ನಿನಿಂದ ಚುಚ್ಚಿ ಬಿಡಿಸಿದ್ದು, ವೀಸ್ಲೋಖ್ ಊರಾಗ ಔಷಧದ ಅಂಗಡ್ಯಾಗ ಇಂಧನ ಕೊಂಡಿದ್ದು ಎಲ್ಲಾ ಕಡೆ ಬರದಾರ. ನನಗ ಹಿಡಿಸಿದ್ದು ನೀರಿನ ಸುದ್ದಿ. ಆ ಗಾಡ್ಯಾಗ ರೇಡಿಯೇಟರ್ ಅಂಬೋದ ಇರಲಿಲ್ಲ. ಇಂಜಿನ್ನಿನ ಸುತ್ತಲಿನ ನೀರು ಕುದ್ದು ಉಗಿ ಆಗಿ ಹಾರಿ ಹೋಗ್ತಿತ್ತು, ಅದರ ಜೋಡಿ ಕಾವೂ ಹೋಗ್ತಿತ್ತು. ಹಾರಿದಷ್ಟು ನೀರು ಮತ್ತ ಹಾಕಬೇಕು. ಅಂದ ಮ್ಯಾಲ ಆಕಿ ದಾರ್‍ಯಾಗ ನೀರು ಕಂಡಲ್ಲೆಲ್ಲಾ ನಿಂತು ತುಂಬಿಸಿಕೋತ ಹೋಗಬೇಕಾತು. ಒಲಿ ಮ್ಯಾಲೆ ಬ್ಯಾಳಿ ಇಟ್ಟು, ತಳ ಹತ್ತದಂಗ ಕಾಯೋ ನಮ್ಮ ಕೆಲಸನ ಅದು. ನೂರು ಕಿಲೋಮೀಟರ್ ಕಾದಾಳ ಅಷ್ಟ.

ಹನ್ನೆರಡು ವರ್ಷದಾಗ ಇನ್ನೊಬ್ಬ ಜರ್ಮನ್, ವಿಲ್ಹೆಲ್ಮ್ ಮೈಬಾಖ್, ಜೇನಿನ ತಟ್ಟಿ ಹಂಗ ಎಂಟು ಸಾವಿರಕ್ಕೂ ಹೆಚ್ಚು ಸಣ್ಣ ನಳಿಗಿ ಕೂಡಿಸಿ ರೇಡಿಯೇಟರ್ ಮಾಡಿದ. ನಳಿಗಿ ಒಳಗ ಗಾಳಿ, ಸುತ್ತ ನೀರು. ನೀರು ಹಾರಿ ಹೋಗೋದು ನಿಂತು, ಅದ ನೀರು ತಿರಗಿ ತಿರಗಿ ಬರೋ ಹಂಗಾತು. ಆ ಗಾಡಿಗೆ ಇಟ್ಟ ಹೆಸರು ಮರ್ಸಿಡಿಸ್. ಅದು ಗಿರಾಕಿ ಎಮಿಲ್ ಯೆಲಿನೆಕ್‌ನ ಮಗಳ ಹೆಸರು. ಕೂಸಿಗೆ ಆಗ ಹನ್ನೊಂದು ವರ್ಷ.

ನಮ್ಮ ಬಕೆಟ್ಟಿನ ಮೂಲ ಅಜ್ಜ ಅಂದ್ರ ಫೋರ್ಡ್ ಮಾಡೆಲ್ ಟಿ. 1908ರಿಂದ 1927ರ ತನಕ ಒಂದೂವರೆ ಕೋಟಿ ಗಾಡಿ ಮಾಡಿದ್ರು. ಮೊದಲಿನ ಒಂದೆರಡು ಸಾವಿರ ಬಿಟ್ರ ಉಳದ ಯಾವುದಕ್ಕೂ ನೀರಿನ ಪಂಪಿಲ್ಲ. ಹೆಂಗ ತಿರಗತಿತ್ತು ಅಂತೀರಿ? ನಿಮ್ಮ ಮಾಳಗಿ ಮ್ಯಾಲಿನ ಸೋಲಾರ್ ನೋಡ್ರಿ. ಕಾದ ನೀರು ಹಗುರಾಗಿ ಮ್ಯಾಲಿನ ಟಾಕಿಗೆ ಏರತದ, ತಣ್ಣಗಿಂದು ಕೆಳಗ ಇಳೀತದ. ಯಾವ ಕರೆಂಟೂ ಬ್ಯಾಡ. ಬಚ್ಚಲಮನಿ ಬಂಬದಾಗ ಮ್ಯಾಲಿನ ನೀರು ಕುದೀತಿದ್ರೂ ತಳದಾಗ ಉಗುರು ಬೆಚ್ಚಗ ಇರ್ತದಲ್ಲ, ಅದ ತತ್ತ್ವ. ಇಪ್ಪತ್ತು ಅಶ್ವಶಕ್ತಿಯ ಇಂಜಿನ್ನಿಗೆ ಅಷ್ಟ ಸಾಕಿತ್ತು.

ಮುಂದ 1932ರಾಗ ಫೋರ್ಡ್ ಕಂಪನಿ ಸಾಮಾನ್ಯರಿಗೆ ಎಂಟು ಸಿಲಿಂಡರಿನ ಇಂಜಿನ್ ಕೊಟ್ಟಿತು, 65 ಅಶ್ವಶಕ್ತಿ. ಕ್ಯಾಲಿಫೋರ್ನಿಯಾದ ಹುಡುಗರಿಗೆ ಹಬ್ಬ. ಹಳೇ ಗಾಡಿ ಕೊಂಡು, ಮಡ್‌ಗಾರ್ಡ್ ಕಿತ್ತು, ಈ ಇಂಜಿನ್ ತುರುಕಿ, ಮ್ಯುರಾಕ್ ಅನ್ನೋ ಒಣಗಿದ ಕೆರಿ ಅಂಗಳದಾಗ ಓಡಸಲಿಕ್ಕೆ ಹತ್ತಿದ್ರು. (ಅಲ್ಲಿ ಓಡಿಸಿದವರಾಗ ವೇಡಾ ಆರ್ ಅನ್ನೋ ಹೆಣ್ಣುಮಗಳೂ ಇದ್ಲು. ಎರಡನೇ ಮಹಾಯುದ್ಧದ ಕಾಲಕ್ಕ ಹುಡುಗರೆಲ್ಲಾ ಸೈನ್ಯಕ್ಕ ಹೋದಾಗ ಈ ಓಟದ ಸುದ್ದಿ ಅಚ್ಚು ಹಾಕಿಸಿ ಅವರಿಗೆ ಅಂಚೆಯಿಂದ ಕಳಸತಿದ್ಲು. ಆಕಿ ಮ್ಯಾಲೆ ಬ್ಯಾರೆ ಬರೀತೀನಿ.) ಆದ್ರ ಆ ಇಂಜಿನ್ನು ಕಾಯೋದರಾಗ ಹೆಸರುವಾಸಿ. ಸುಟ್ಟ ಹೊಗಿ ಹೊರಗ ಹೋಗೋ ದಾರಿ ಇಂಜಿನ್ನಿನ ಹೊಟ್ಟಿಯೊಳಗಿಂದನ ಹಾದು, ನೀರನ್ನ ಇನ್ನಷ್ಟು ಕಾಸತಿತ್ತು. ಎರಡು ಪಂಪು, ನಾಕು ರಬ್ಬರ್ ಪೈಪು. ಮೊದಲು ಪಂಪು ಮ್ಯಾಲ ಕೂತು ಕಾದ ನೀರನ್ನ ಜಗ್ಗತಿದ್ವು. 1937ರಾಗ ಅವನ್ನ ಕೆಳಗ ಇಳಿಸಿ ತಣ್ಣೀರನ್ನ ಒಳಗ ದೂಡೋ ಹಂಗ ಮಾಡಿದ್ರು. ಕೆರಿ ಅಂಗಳದಾಗ ಓಟ ಬರೇ ಮೂರು ನಾಕು ಮಿನಿಟಿಂದು, ನಡೀತಿತ್ತು. ಊರ ರಸ್ತೆಕ್ಕ ತಂದಾಗ ಗೊತ್ತಾಗ್ತಿತ್ತು.

ಟಿ-ಬಕೆಟ್ ಅನ್ನೋ ರೂಪ ಜನಕ್ಕ ಗೊತ್ತಾಗಿದ್ದು 1950ರ ದಶಕದಾಗ, ನಾರ್ಮ್ ಗ್ರಬೋವ್‌ಸ್ಕಿ ಅನ್ನೋ ಹುಡುಗನಿಂದ. ಮಾಡೆಲ್ ಟಿ ಮೈಗೆ ಕ್ಯಾಡಿಲಾಕ್ ಇಂಜಿನ್ ಕೂಡಿಸಿದ್ದ. 1958ರಾಗ ಸುರು ಆದ ಒಂದು ಟಿ.ವಿ. ಧಾರಾವಾಹಿಯೊಳಗ ಆ ಗಾಡಿ ಬಂತು, ಎಲ್ಲಾರಿಗೂ ಅಂಥಾದ ಬೇಕಾತು. ಮುಂದ ಡಬ್ಬಿಯೊಳಗ ಬರೋ ಸಾಮಾನಿಗೆ ಒಬ್ಬರು ಇಟ್ಟ ಹೆಸರು "ಇನ್‌ಸ್ಟಂಟ್ ಟಿ". ಚಹಾ ನನ್ನ ಬೆನ್ನು ಬಿಡಂಗಿಲ್ಲ ನೋಡ್ರಿ.

ಈಗ ತ್ರಾಸ ಎಲ್ಲಿ ಬಂತು ಅಂತ ತಿಳೀತಲ್ಲ? ನೋಡಲಿಕ್ಕೆ ಚಂದ ಇರಬೇಕಂತ ಮುಂದಿನ ಹಿತ್ತಾಳಿ ಚೌಕಟ್ಟು ಅಜ್ಜನ ಕಾಲದ ಅಳತಿದ. ಅದರ ಹಿಂದಿನ ಇಂಜಿನ್ನು ಅಜ್ಜನ ಹತ್ತು ಪಟ್ಟು ಶಕ್ತಿದು. ಸುಟ್ಟ ಪೆಟ್ರೋಲಿನ ಕಾವಿನ ಸುಮಾರು ಮೂರನೇ ಒಂದು ಪಾಲು ಆ ನೀರಿನ ಮೂಲಕನ ಹೊರಗ ಹೋಗಬೇಕು.

ಅಳಿಯಂದ್ರು ರೇಡಿಯೇಟರಿಗೆ ಕೆಳಗ ರಬ್ಬರ್ ಗಟ್ಟಿ ಕೊಟ್ಟು ಕೂಡಿಸಿದ್ರು, ಗಾಡಿ ನಡುಗಿದ್ರ ಬೆಸಗಿ ಬಿಡಬಾರದಂತ. ಇಂಜಿನ್ನಿಗೆ ಸರಿಹೊಂದೋ ತಯಾರಿ ಪೈಪು ಸಿಗಲಿಲ್ಲ. ಬ್ಯಾರೆ ಬ್ಯಾರೆ ಗಾಡಿಯ ಬಾಗಿದ ಪೈಪು ತಂದು, ಬೇಕಾದ ತುಂಡಷ್ಟ ಕೊಯ್ದು ಹಾಕಿದ್ರು. ಕುಪ್ಪಸದ ತೋಳು ಕೊಯ್ದಂಗ, ಒಂದು ಬಟ್ಟು ಹೆಚ್ಚು ಕೊಯ್ದ್ರ ಮುಗೀತು. ನಳಿಗೆ ತುದಿಗೆ ಒಂದು ಉಬ್ಬು ಇರ್ತದ, ಕ್ಲಿಪ್ಪು ಅದರ ಹಿಂದ ಬಿಗೀಬೇಕು. ಇಲ್ಲಂದ್ರ ಬಿಸಿ ಆದಾಗ ಪೈಪು ಜಾರಿ ಕಳಚಿಕೋತದ.

ಮೊದಲ ಸಲ ಚಾಲೂ ಮಾಡಿದಾಗ ನಾನೂ ಮೊಮ್ಮಗಳೂ ಬಾಗಲದಾಗ ನಿಂತಿದ್ವಿ. ಇಪ್ಪತ್ತು ಮಿನಿಟಿನ್ಯಾಗ ಮುಳ್ಳು 110 ಡಿಗ್ರಿ ಸೆಲ್ಸಿಯಸ್ ದಾಟಿತು. ಅಳಿಯಂದ್ರು ಬಂದ್ ಮಾಡಿ, ಕೈಯಾಗ ಅರಿವಿ ಹಿಡಕೊಂಡು ರೇಡಿಯೇಟರ್ ಮುಚ್ಚಳಕ್ಕ ಕೈ ಹಾಕಿದ್ರು. ನಾನು ಓಡಿ ಹೋಗಿ ಅವರ ಮುಂಗೈ ಗಟ್ಟಿ ಹಿಡದೆ. ಅಳಿಯನ ಕೈ ಹಿಡದು ಎಳದದ್ದು ಅದ ಮೊದಲು, ಅದ ಕಡಿ.

ನಮ್ಮ ಭಾವನವರ ಸುದ್ದಿ ನಿಮಗ ಗೊತ್ತದ, ಹೊಸಬರಿಗೆ ಹೇಳ್ತೀನಿ. 1978ರಾಗ ಗೋಕರ್ಣಕ್ಕ ಹೊಂಟಾಗ ಅರಬೈಲ್ ಘಾಟಿನ್ಯಾಗ ಬಾಡಿಗಿ ಕಾರು ಕಾಯ್ತು. ಭಾವನವರು ಇಳದು ಮುಚ್ಚಳಾ ತಗದ್ರು. ಮುಖ, ಎದಿ ಎಲ್ಲಾ ಸುಟ್ಟವು. ಎಡಗಣ್ಣು ಕಡೀತನಕಾ ಮಂದನ ಉಳೀತು. ನನ್ನ ಮದುವಿ ಆಗಿ ಆಗ ಎಂಟು ತಿಂಗಳು.

ಯಾಕ ಹಂಗ ಆಗ್ತದ ಅಂದ್ರ, ಆ ಮುಚ್ಚಳಾ ಕುಕ್ಕರಿನ ಸೀಟಿ ಇದ್ದಂಗ. ಒತ್ತಡ ಹಿಡದಿಡತದ, ಅದಕ್ಕ ನೀರು ನೂರು ಡಿಗ್ರಿ ದಾಟಿದ್ರೂ ಕುದಿಯಂಗಿಲ್ಲ. ಮುಚ್ಚಳಾ ತಗದ ಕ್ಷಣಕ್ಕ ಒತ್ತಡ ಹೋಗ್ತದ, ಒಳಗಿನ ನೀರೆಲ್ಲಾ ಒಮ್ಮಿಗೇ ಕುದ್ದು ಮ್ಯಾಲ ಹಾರತದ. ಸೀಟಿ ಇಳಿಯೋದರೊಳಗ ಕುಕ್ಕರ್ ತಗೀತೀರೇನು ನೀವು? ಆ ರಾತ್ರಿ ಗಾಡಿ ತಣ್ಣಗಾಗೋ ತನಕ ಯಾರೂ ಮುಟ್ಟಲಿಲ್ಲ. ಮಗಳು ಒಂದು ಮಾತೂ ಆಡಲಿಲ್ಲ, ಅದು ಬೈಯೋದಕ್ಕಿಂತ ಕೆಟ್ಟದಿತ್ತು.

ಮರುದಿನ ತಪ್ಪು ಎರಡು ಸಿಕ್ಕವು. ಇಂಜಿನ್ನಿನ ವೇಗ ಏರಿಸಿದಾಗ ಕೆಳಗಿನ ಪೈಪು ಚಪ್ಪಟ ಆಗ್ತಿತ್ತು. ಅದು ಪಂಪು ಜಗ್ಗೋ ಕಡಿಂದು. ಗಿಂಡ್ಯಾಗಿನ ಮಜ್ಜಿಗಿ ಮೆತ್ತನ ಸ್ಟ್ರಾದಿಂದ ಜೋರ ಹೀರಿದ್ರ ಸ್ಟ್ರಾ ಒಳಗ ಕೂಡತದಲ್ಲ, ಹಂಗ. ಒಳಗ ತಂತಿಯ ಸ್ಪ್ರಿಂಗ್ ಹಾಕಿ ಆ ಪೈಪು ಬದಲಿಸಿದ್ರು. ಎರಡನೇದು ಒಳಗ ಸಿಕ್ಕೊಂಡ ಗಾಳಿ. ಗಾಡಿ ಮೂತಿ ಜಾಕ್ ಹಚ್ಚಿ ಎತ್ತಿ, ರೇಡಿಯೇಟರಿನ ಬಾಯಿ ಎಲ್ಲಾಕ್ಕಿಂತ ಮ್ಯಾಲ ಬರೋ ಹಂಗ ಮಾಡಿ ಸಾವಕಾಶ ತುಂಬಿಸಿದ್ರು. ಬುಡು ಬುಡು ಅಂತ ಗಾಳಿ ಹೊರಗ ಬಂತು. ಹಾಕಿದ್ದು ಬರೇ ನೀರಲ್ಲ, ಅರ್ಧ ಕೂಲಂಟ್. ಅದರಾಗಿನ ಗ್ಲೈಕಾಲ್ ರುಚಿ ಸಿಹಿ, ಆದ್ರ ವಿಷ. ನಾಯಿ, ಕೂಸು ನೆಕ್ಕಿದ್ರ ಜೀವಕ್ಕ ಅಪಾಯ. ನೆಲಕ್ಕ ಚೆಲ್ಲಿದ್ದನ್ನ ಎರಡು ಸಲ ನಾನ ಒರಸಿದೆ. ನಿಮ್ಮ ಮನ್ಯಾಗೂ ಕಾರಿನ ಡಬ್ಬಿ ಎತ್ತರಕ್ಕ ಇಡ್ರಿ.

ಎರಡನೇ ಸಲ ನಲವತ್ತು ಮಿನಿಟು ಓಡಿತು. ಮುಳ್ಳು 85ರ ಆಸುಪಾಸಿನ್ಯಾಗ ನಿಂತಿತು. ಮಗಳು ಗ್ಯಾರೇಜಿಗೆ ಬಂದು, ಕೈಗೆ ಒಲಿ ಅರಿವಿ ಸುತ್ತಿಕೊಂಡು ಒಂದೊಂದು ಕ್ಲಿಪ್ಪನೂ ಮುಟ್ಟಿ ನೋಡಿದ್ಲು, ಹಸಿ ಅದ ಏನು ಅಂತ. ಇರಲಿಲ್ಲ. "ಇನ್ನೊಂದು ತಿಂಗಳು ನೀವಷ್ಟ ಓಡಸ್ರಿ. ಆಮ್ಯಾಲ ನೋಡೋಣು" ಅಂದ್ಲು. ನಾ ಹೊರಡೋ ತನಕಾ ತಿಂಗಳು ತುಂಬಿರಲಿಲ್ಲ. ಮೊಮ್ಮಗಳು ನಿಂತ ಗಾಡ್ಯಾಗ ಕೂತು, ಬಾಯಿಲೆನ ಇಂಜಿನ್ ಸಪ್ಪಳ ಮಾಡತಾ, ನನಗ ಟಾಟಾ ಮಾಡಿದ್ಲು.